ಒಂದು ಓಣಿ ಜರುಗಿದ ಊರು

ಜಾಲಿದಿನ್ನಿ ಎಂಬ ಹೆಸರಿನ ಊರುಗಳು ಎರಡು. ನಿಡಗುಂದಿಯಲ್ಲಿ ಬಸ್ಸು ಹತ್ತಿ ಹೆದ್ದಾರಿಯಲ್ಲಿ ಸ್ವಲ್ಪ ದೂರ ಬಂದರೆ ಕಾಣುವುದು ಹೊಸ ಜಾಲಿದಿನ್ನಿ. ಗೀಟು ಎಳೆದಂಥ ನೆಟ್ಟನೆಯ ಓಣಿಗಳು, ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು, ನಡುವೆ ನೀರಿನ ಟಾಕಿ. ಹಳೆಯದು ಕೃಷ್ಣೆಯ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟಿಗೆ ನೀರು ನಿಲ್ಲಿಸಿದ ಕಾಲಕ್ಕೆ ಜನ ದನಕರು, ಜಂತಿ, ಬಾಗಿಲು, ಬೀಸುಕಲ್ಲು ಎಲ್ಲವನ್ನೂ ಹೇರಿಕೊಂಡು ಮೇಲೆ ಬಂದರು. ಗುಡಿಯ ದೇವರುಗಳನ್ನು ಬಂಡಿಯಲ್ಲಿಟ್ಟುಕೊಂಡು ತಂದರು. ಓಣಿಗಳ ಹೆಸರುಗಳನ್ನು ಕೂಡ ಬಿಟ್ಟುಬರಲಿಲ್ಲ. ಅಲ್ಲಿಯ ಮ್ಯಾಗಿನೋಣಿ ಇಲ್ಲಿಯೂ ಮ್ಯಾಗಿನೋಣಿಯೇ, ಈಗ ಅದು ಊರಿನ ತಗ್ಗಿನಲ್ಲಿದ್ದರೂ ಸರಿಯೇ. ತರಲಾಗದೆ ಉಳಿದವರೆಂದರೆ ಸತ್ತವರು.

ಸುನಂದಾಳ ಅಪ್ಪ ಶ್ರೀಶೈಲಪ್ಪ ಹಾಗೆ ಉಳಿದವರಲ್ಲಿ ಒಬ್ಬ. ಊರು ಎದ್ದು ಮೇಲೆ ಬರುವುದಕ್ಕೆ ಎರಡು ವರ್ಷ ಮೊದಲು ಹಾವು ಕಡಿದು ತೀರಿಕೊಂಡ. ಲಿಂಗಾಯತರ ಪದ್ಧತಿಯಂತೆ ಅವನನ್ನು ಸುಡಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಊರಿನ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಆಗ ಸುನಂದಾಳಿಗೆ ಎಂಟು ವರ್ಷ. ಸಮಾಧಿಯ ಮೇಲೆ ಒಂದು ಹಾಸುಗಲ್ಲು ಹಾಕಬೇಕೆಂದು ಅವ್ವ ಹೊನ್ನವ್ವ ಓಡಾಡಿದಳು. ಕಲ್ಲು ಬರುವುದರೊಳಗೆ ನೀರು ಬಂತು.

ಹೊನ್ನವ್ವನಿಗೆ ಗಂಡ ಸತ್ತದ್ದಕ್ಕಿಂತ ಅವನನ್ನು ಅಲ್ಲಿ ಬಿಟ್ಟು ಬಂದದ್ದೇ ದೊಡ್ಡ ಸಂಕಟ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನೀರು ಇಳಿಯುತ್ತಿತ್ತು. ಇಳಿದರೂ ಹಳೇ ಊರಿನ ಎತ್ತರದ ಭಾಗ ಮಾತ್ರ, ಅದೂ ಮೈತುಂಬ ಕೆಸರು ಮೆತ್ತಿಕೊಂಡು, ಒಂದಿಷ್ಟು ದಿನ ಬಿಸಿಲು ಕಂಡು ಮತ್ತೆ ಮುಳುಗುತ್ತಿತ್ತು. ತಗ್ಗಿನಲ್ಲಿದ್ದ ರುದ್ರಭೂಮಿ ಒಮ್ಮೆಯೂ ಮೇಲೆ ಬರಲಿಲ್ಲ. ಹೊನ್ನವ್ವ ನೀರಿನ ಅಂಚಿಗೆ ಹೋಗಿ ನಿಂತು, ಬಿಲ್ವಪತ್ರಿ ತೇಲಿಬಿಟ್ಟು, ಕೈಮುಗಿದು ಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಅದೂ ನಿಂತಿತು. ನಿಲ್ಲದೆ ಉಳಿದದ್ದು ಒಂದೇ ಮಾತು.

"ನಾ ಹ್ವಾದಮ್ಯಾಗ ನನ್ನ ಅವರ ಮಗ್ಗಲಕ್ಕ ಇಡ್ರಿ."

"ನೀರಾಗ ಹೆಂಗ ಇಡೂದ ಯವ್ವಾ?" ಎಂದರೆ, "ಅದು ನಿಮಗ ಬಿಟ್ಟದ್ದು. ನಾ ಹೇಳೂದು ಹೇಳೇನಿ" ಎನ್ನುತ್ತಿದ್ದಳು. ಹಟ ಮಾಡುವವರಿಗೆ ದಾರಿ ತೋರಿಸುವ ಜವಾಬ್ದಾರಿ ಎಂದೂ ಇರುವುದಿಲ್ಲ.

ಸುನಂದಾ ಬೆಳೆದದ್ದು ಅಲ್ಲಿಷ್ಟು ಇಲ್ಲಿಷ್ಟು. ಹೂವಿನ ಹಿಪ್ಪರಗಿಯ ಸೋದರಮಾವನ ಮನೆಯಲ್ಲಿದ್ದು ಸಾಲಿ ಕಲಿತಳು. ಸಿಂದಗಿಯಲ್ಲಿ ನಕಾಶೆ ಬರೆಯುವ ಕೋರ್ಸು ಮುಗಿಸಿದಳು. ಇಂಡಿಗೆ ಸೊಸೆಯಾಗಿ ಹೋದಳು. ಗಂಡ ಸಂಗಮೇಶನಿಗೆ ನಿಂಬೆಯ ತೋಟ. ಮದುವೆಯಾದ ಮರುವರ್ಷವೇ ನಿಡಗುಂದಿಯ ಹಿನ್ನೀರಿನ ಜಮೀನಿನ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು, ಗುತ್ತಿಗೆಯ ಮೇಲೆ. ವಾರವೆಲ್ಲ ಅವ್ವನ ಮನೆಯಲ್ಲಿದ್ದು ಶನಿವಾರ ಇಂಡಿಯ ಬಸ್ಸು ಹತ್ತುವುದು ರೂಢಿಯಾಯಿತು. "ನಾ ಮಣ್ಣಾಗ ಹೊಲ ಮಾಡತೇನಿ, ನಮ್ಮಾಕಿ ಹಾಳ್ಯಾಗ ಮಾಡತಾಳ. ಆಕಿ ಹೊಲಕ್ಕ ರೋಗ ಇಲ್ಲ, ಹುಳಾ ಇಲ್ಲ" ಎಂದು ಸಂಗಮೇಶ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಟ್ರೇಸರ್ ಎಂದರೆ ಹಳೆಯ ನಕಾಶೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಕೆಳಗಿನ ಗೀಟಿನ ಮೇಲೆ ಮಸಿಯಿಂದ ಗೀಟು ಎಳೆಯುವವರು. ಸುನಂದಾಳ ಕೈ ನಡುಗುತ್ತಿರಲಿಲ್ಲ. ಉಸಿರು ಹಿಡಿದು ಎಳೆದಳೆಂದರೆ ಹೊಲದ ಬದು ಒಂದೇ ಸಲಕ್ಕೆ ಮುಗಿಯಬೇಕು. ಕಂಪ್ಯೂಟರು ಬಂದಾಗ ಉಳಿದ ಟ್ರೇಸರುಗಳು ಮುಖ ಕಿವುಚಿದರು, ಇವಳು ಮಾತ್ರ ಕಲಿತಳು. ಮಸಿ ಹೋಗಿ ಇಲಿ ಬಂತು ಅಷ್ಟೇ ಎಂದಳು.

ಕತೆ ಶುರುವಾಗುವುದು ಎರಡು ವರ್ಷದ ಹಿಂದೆ. ಕಚೇರಿಯ ಮುಖ್ಯಸ್ಥ ಅನೀಲಕುಮಾರ ಸಾಹೇಬರಿಗೆ ಮೇಲಿನಿಂದ ಆದೇಶ ಬಂತು: ಹಿನ್ನೀರಿನ ಎಲ್ಲ ಮಾಹಿತಿ ಇಂಟರ್ನೆಟ್ಟಿನ ಒಂದೇ ನಕಾಶೆಯಲ್ಲಿ ಕಾಣಬೇಕು, ಯಾವ ರೈತನಾದರೂ ತನ್ನ ಫೋನಿನಲ್ಲಿ ತೆರೆದು ನೋಡುವಂತಿರಬೇಕು. ಮಾಹಿತಿಯೇನೋ ಇತ್ತು. ಆದರೆ ಅದು ಕೂಡಿ ಬಾಳುವ ಮನೆಯಂತಿರದೆ ಬೇರೆಯಾದ ಅಣ್ಣತಮ್ಮಂದಿರ ಮನೆಯಂತಿತ್ತು. ಸ್ವಾಧೀನವಾದ ಜಮೀನಿನ ಲೆಕ್ಕ ಒಂದು ಕಂಪ್ಯೂಟರಿನಲ್ಲಿ, ನೀರಿನ ಮಟ್ಟ ಇನ್ನೊಂದರಲ್ಲಿ, ಉಪಗ್ರಹದ ಚಿತ್ರ ಮತ್ತೊಂದರಲ್ಲಿ, ಮುಳುಗಿದ ಊರುಗಳ ಹಳೆಯ ನಕಾಶೆ ಸ್ಕ್ಯಾನಾಗಿ ಮಗದೊಂದರಲ್ಲಿ. ಒಂದಕ್ಕೊಂದು ಮಾತಿಲ್ಲ. ಇವನ್ನೆಲ್ಲ ಒಂದು ನಕಾಶೆಗೆ ಜೋಡಿಸಿ ಒಂದರ ಮೇಲೊಂದು ಪದರಾಗಿ ಕಾಣಿಸಲು ವಿಜಯಪುರದಿಂದ ವಿನೀತ ಎಂಬ ಎಂಜಿನಿಯರು ಬಂದ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಕಂಪ್ಯೂಟರಿನ ಮುಂದೆ ಯಾವ ಭಾಷೆಯೂ ಇಲ್ಲದ ಮೌನಿ. ಹಳೆಯ ನಕಾಶೆಗಳು ಸುನಂದಾಳ ಪಾಲಿಗೆ ಬಂದವು.

ಮೊದಲ ಸಲ ಜೋಡಿಸಿದ ದಿನ ಎಲ್ಲರೂ ಪರದೆಯ ಮುಂದೆ ನಿಂತರು. ಜಮೀನಿನ ಪದರು ಕಾಣಲೇ ಇಲ್ಲ. ವಿನೀತ ಹುಡುಕುತ್ತ ಹೋದ. ಬಸವನ ಬಾಗೇವಾಡಿ ತಾಲೂಕಿನ ಹೊಲಗಳೆಲ್ಲ ಆಫ್ರಿಕಾದ ಪಕ್ಕದ ಸಮುದ್ರದಲ್ಲಿ ಬಿದ್ದಿದ್ದವು. ಒಂದು ಕಂಪ್ಯೂಟರಿನ ಅಳತೆ ಇನ್ನೊಂದಕ್ಕೆ ತಿಳಿಯದಿದ್ದರೆ ಹೀಗಾಗುತ್ತದೆ ಎಂದ.

"ಒಮ್ಮೆ ಮುಳುಗಿಸಿದ್ದು ಸಾಲಲಿಲ್ಲೇನ್ರಿ?" ಎಂದಳು ಸುನಂದಾ. ಸಾಹೇಬರೂ ನಕ್ಕರು.

ಆ ತಪ್ಪು ಒಂದೇ ದಿನದಲ್ಲಿ ಸರಿಹೋಯಿತು. ದೊಡ್ಡ ತಪ್ಪುಗಳು ಎದ್ದು ಕಾಣುತ್ತವೆ, ಯಾರಾದರೂ ತಿದ್ದುತ್ತಾರೆ. ಸುನಂದಾಳ ತಪ್ಪು ಒಂದು ಓಣಿಯಷ್ಟು ಸಣ್ಣದು, ಆದ್ದರಿಂದಲೇ ಯಾರ ಕಣ್ಣಿಗೂ ಬೀಳಲಿಲ್ಲ.

ಮುಳುಗಿದ ಊರಿನ ಹಳೆಯ ನಕಾಶೆಯನ್ನು ಇಂದಿನ ಉಪಗ್ರಹದ ಚಿತ್ರದ ಮೇಲೆ ಹೊಂದಿಸಬೇಕೆಂದರೆ ಎರಡರಲ್ಲೂ ಕಾಣುವ ಗುರುತುಗಳು ಬೇಕು. ಬಾವಿ, ಗುಡಿಯ ಕಟ್ಟೆ, ಬಾಂದಗಲ್ಲು, ಹೀಗೆ. ನೀರಿನೊಳಗೆ ಅವು ಕಾಣುವುದಿಲ್ಲ. ಬೇಸಿಗೆಯ ಚಿತ್ರದಲ್ಲಿ ಕೆಸರಿನ ನಡುವೆ ಯಾವುದೋ ಒಂದು ಕಟ್ಟೆ ಚೌಕಾಗಿ ಎದ್ದಿರುತ್ತದೆ, ಅದು ಯಾವುದೆಂದು ಹೇಳುವವರು ಬೇಕು. ಸುನಂದಾ ಮುದ್ದೇಬಿಹಾಳ ತಾಲೂಕಿನ ಹೊಸ ಊರುಗಳಿಗೆ ಟಂಟಂ ಹತ್ತಿ ಹೋದಳು. ಅಲ್ಲಿಯ ಹಿರಿಯರನ್ನು ಕಟ್ಟೆಯ ಮೇಲೆ ಕೂಡಿಸಿ, ಚಿತ್ರ ತೋರಿಸಿ, "ಇದು ಯಾವ ಗುಡೀರಿ? ಇದರ ಬಲಕ್ಕ ಏನಿತ್ತರಿ?" ಎಂದು ಕೇಳಿದಳು. ಅವರು ಜಗಳಾಡಿದರು, ಅತ್ತರು, ಚಹಾ ಕುಡಿದರು. ಕೊನೆಗೆ ಎಲ್ಲರೂ ಹೌದೆಂದದ್ದನ್ನೇ ಇವಳು ಗುರುತು ಹಾಕಿದಳು. ಒಬ್ಬರು ಅಲ್ಲ ಎಂದರೂ ಬಿಟ್ಟಳು. ಹೀಗೆ ಹತ್ತಾರು ಊರುಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕುಳಿತವು.

ಕೊನೆಗೆ ಉಳಿದದ್ದು ಜಾಲಿದಿನ್ನಿ. ಚಿತ್ರದಲ್ಲಿ ಒಂದೇ ಒಂದು ಕಟ್ಟೆ ಕಾಣುತ್ತಿತ್ತು, ದಂಡೆಯ ಕಡೆಯಿಂದ ಹೋದರೆ ಮೊದಲು ಸಿಗುವಂಥದ್ದು. ಸುನಂದಾ ನೋಡಿದ ತಕ್ಷಣ ಗುರುತಿಸಿದಳು. ಊರು ಹೊಕ್ಕರೆ ಮೊದಲು ಹಣಮಪ್ಪನ ಗುಡಿ, ಅದನ್ನು ದಾಟಿದರೆ ಬಸವಣ್ಣನ ಗುಡಿ. ಹಾಗಾದರೆ ಇದು ಹಣಮಪ್ಪನದು. ಹಣಮಪ್ಪನ ಗುಡಿಯ ಹಿಂದೆ ರುದ್ರಭೂಮಿ. ಅಲ್ಲಿ ಅಪ್ಪ.

"ಒಂದ ಗುರುತು ಸಾಲಂಗಿಲ್ರಿ ಅಕ್ಕಾರ. ಇನ್ನೊಂದೆರಡು ಬೇಕು" ಎಂದ ವಿನೀತ.

"ಬ್ಯಾರೆ ಊರಾದ್ರ ಬೇಕ್ರಿ. ಇದು ನಮ್ಮೂರು."

"ಯಾರಿಗಾರ ಒಂದು ಮಾತು ಕೇಳತೀರೇನು?"

"ನಮ್ಮೂರಿಗಿ ದಾರಿ ನಾ ಮಂದೀನ ಕೇಳಲ್ಯಾ?"

ಹತ್ತಾರು ಊರಿನ ಹಿರಿಯರ ಮುಂದೆ ಕೈಕಟ್ಟಿ ಕುಳಿತು ಕೇಳಿದವಳು ತನ್ನ ಊರಿನ ಹಿರಿಯ ಗುರಣ್ಣನನ್ನು ಕೇಳಲಿಲ್ಲ, ಒಂದೇ ಸೂರಿನ ಅಡಿಯಲ್ಲಿದ್ದ ಅವ್ವನನ್ನೂ ಕೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹೇಳುತ್ತೇವಲ್ಲ, ಹೇಳುವಾಗ ಬೇರೆಯವರ ದೀಪವೇ ನಮ್ಮ ಕಣ್ಣ ಮುಂದೆ ಇರುತ್ತದೆ. ಕಟ್ಟೆಯ ಮೇಲೆ ಹಣಮಪ್ಪ ಎಂದು ಬರೆದು, ಹಾಳೆಯನ್ನು ಅದಕ್ಕೆ ಹೊಂದಿಸಿ, ರುದ್ರಭೂಮಿಯ ಸುತ್ತ ಕೆಂಪು ಗೀಟು ಎಳೆದಳು. ಕೆಂಪು ಎಂದರೆ ಇಲ್ಲಿ ಯಾರೂ ಅಗೆಯಬಾರದು ಎಂದು ಅರ್ಥ. ಆ ಗೀಟನ್ನು ಹಿಗ್ಗಿಸಿ ಮತ್ತೆ ಮತ್ತೆ ನೋಡಿದಳು.

ಆ ಸಂಜೆ ಮನೆಗೆ ಬಂದು ಫೋನಿನಲ್ಲಿ ನಕಾಶೆ ತೆರೆದು ಅವ್ವನ ಮುಂದೆ ಹಿಡಿದಳು. ಹೊನ್ನವ್ವ ನೆರೆಮನೆಯ ಮೆಹರುನ್ನಿಸಾಳ ಜೊತೆ ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಇಬ್ಬರೂ ಹಳೇ ಊರಿನಿಂದ ಜೊತೆಗೆ ಬಂದವರು, ಇಬ್ಬರಿಗೂ ಮೊಣಕಾಲಿನದೇ ದೂರು.

"ಇದೇನ ಇದು, ನೀಲಿ?"

"ನೀರು ಯವ್ವಾ. ಇದರ ಕೆಳಗ ಊರು. ಈ ಕೆಂಪು ಐತೆಲ್ಲ, ಇಲ್ಲಿ ಅಪ್ಪ ಅದಾನ."

ಹೊನ್ನವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಬೆರಳು ಮುಟ್ಟಿಸಿದಳು. ಮುಟ್ಟಿದ್ದಕ್ಕೆ ಚಿತ್ರ ಸರಿದುಹೋಯಿತು, ಅವಳು ಹೌಹಾರಿ ಕೈ ಹಿಂದಕ್ಕೆ ತೆಗೆದಳು. ಸುನಂದಾ ಮತ್ತೆ ಸರಿಮಾಡಿ ಕೊಟ್ಟಳು. ಹೊನ್ನವ್ವ ಈ ಸಲ ಮುಟ್ಟಲಿಲ್ಲ, ದೂರದಿಂದಲೇ ಕೈಮುಗಿದು, ಬಹಳ ಹೊತ್ತು ಹಾಗೆಯೇ ಇದ್ದಳು. ಅಂದಿನಿಂದ ಅದೊಂದು ನೇಮವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಯುತ್ತಲೇ "ಫೋನ ತಾರ" ಎನ್ನುವಳು, ಸುನಂದಾ ತೆರೆದು ಹಿಡಿಯುವಳು. ಮೊಣಕಾಲು ಕಿತ್ತುಕೊಂಡದ್ದನ್ನು ತಾನು ಅವ್ವನಿಗೆ ತಿರುಗಿ ಕೊಟ್ಟೆನೆಂದು ಸುನಂದಾಳಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನೀರು ಎಂದಿಗಿಂತ ಕೆಳಗೆ ಇಳಿಯಿತು. ಹಿನ್ನೀರಿನ ಹೂಳು ಹೊಲಕ್ಕೆ ಬಂಗಾರವಿದ್ದಂತೆ. ರೈತರು ಅದನ್ನು ಎತ್ತಿಕೊಳ್ಳಬಹುದೆಂದು ಕಚೇರಿ ಒಪ್ಪಿಗೆ ಕೊಟ್ಟಿತು. ಎಲ್ಲಿ ಎತ್ತಬಹುದು ಎಂಬುದಕ್ಕೆ ಅದೇ ನಕಾಶೆ ಆಧಾರ: ಕೆಂಪು ಗೀಟಿನ ಒಳಗೆ ಬೇಡ, ಹೊರಗೆ ನಡೆಯುತ್ತದೆ. ಜಾಲಿದಿನ್ನಿಯವರು ಗುರಣ್ಣನ ಮುಂದಾಳತ್ವದಲ್ಲಿ ಜೆಸಿಬಿ, ಟ್ರ್ಯಾಕ್ಟರು ತೆಗೆದುಕೊಂಡು ಇಳಿದರು. ಗುರಣ್ಣ ಎಪ್ಪತ್ತರ ಆಸುಪಾಸಿನವನು, ಹಳೇ ಊರಿನ ಹೊಳೆಯಲ್ಲಿ ಈಜಿದವನು. ಒಂದು ಕಡೆ ಬಂದಾಗ ಅವನ ಕಾಲು ನಿಂತವಂತೆ. "ಇಲ್ಲೇ ಎಲ್ಲೋ ಇತ್ತಲ್ಲೋ ನಮ್ಮ ಮಂದೀದು" ಎಂದನಂತೆ. ಫೋನಿನಲ್ಲಿ ತೆಗೆದು ನೋಡಿದರು. ಕೆಂಪು ಗೀಟು ಹಿಂದೆ, ದಂಡೆಯ ಕಡೆ ಉಳಿದಿತ್ತು. "ನಮ್ಮ ಸುನಂದಾ ಹಾಕಿದ್ದೈತಿ, ತಪ್ಪಿರಂಗಿಲ್ಲ" ಎಂದು ಗುರಣ್ಣ ತನ್ನ ಕಾಲಿನ ಮಾತು ಬಿಟ್ಟು ಅವಳ ಗೀಟಿನ ಮಾತು ನಂಬಿದ.

ಮೂರನೆಯ ದಿನ ಜೆಸಿಬಿಯ ಬಾಯಿಗೆ ಎಲುಬು ಬಂದವು. ಮಣ್ಣಿನ ಹೆಂಟೆಯ ಜೊತೆ ಒಂದು ಇಷ್ಟಲಿಂಗವೂ ಉರುಳಿ ಬಿತ್ತು. ಚಾಲಕ ಯಂತ್ರ ನಿಲ್ಲಿಸಿ ಇಳಿದು ಚಪ್ಪಲಿ ಬಿಟ್ಟ. ಗುರಣ್ಣ ಸುನಂದಾಳಿಗೆ ಫೋನು ಮಾಡಿ, "ಮಗಳ, ಲಗೂನ ಬಾ" ಎಂದಷ್ಟೇ ಹೇಳಿದ.

ಅವಳು ಬರುವ ಹೊತ್ತಿಗೆ ಹತ್ತಿಪ್ಪತ್ತು ಮಂದಿ ಗುಂಡಿಯ ಸುತ್ತ ನಿಂತಿದ್ದರು. ಯಾರೂ ಅವಳನ್ನು ಬೈಯಲಿಲ್ಲ. "ಇದು ಯಾವ ಕಾಲದ್ದೋ ಏನೋ. ನಮ್ಮದು ಆ ಕಡೆ ಐತೆಲ್ಲ?" ಎಂದ ಗುರಣ್ಣ. ಅವನ ದನಿಯಲ್ಲಿ ಹೌದೆನ್ನು ಎಂಬ ಬೇಡಿಕೆಯಿತ್ತು. ಹೌದೆಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಗುಂಡಿಯ ಆಚೆ ಹೂಳು ಸರಿದು ಹೊರಬಿದ್ದ ಇನ್ನೊಂದು ಕಟ್ಟೆ ಕಂಡಿತು. ಅದರ ಮಗ್ಗುಲಲ್ಲಿ ಒಂದು ಕರೀ ಗುಂಡುಕಲ್ಲು ಬಿದ್ದಿತ್ತು, ನಡುವೆ ಕೈ ಹಿಡಿಯಲು ಕೊರೆದದ್ದು. ಊರಿನ ಹುಡುಗರು ಗರಡಿ ಮನೆಯಲ್ಲಿ ಎತ್ತುತ್ತಿದ್ದ ಸಂಗ್ರಾಣಿ ಕಲ್ಲು. ಗರಡಿ ಮನೆ ಇದ್ದದ್ದು ಹಣಮಪ್ಪನ ಗುಡಿಗೆ ಅಂಟಿಕೊಂಡು. ಅಪ್ಪ ಒಮ್ಮೆ ಅದನ್ನು ಹೆಗಲಿಗೇರಿಸಿದ್ದನ್ನು ಅವಳು ಕಟ್ಟೆಯ ಮೇಲೆ ಕುಳಿತು ನೋಡಿದ್ದಳು.

ಆಗ ಎಲ್ಲವೂ ತಿರುಗಿ ನಿಂತಿತು. ಹಳೇ ಊರಿನ ಹೆಬ್ಬಾಗಿಲು, ಅಗಸಿ, ಇದ್ದದ್ದು ಹೊಳೆಯ ಕಡೆಗೆ. ಆ ಕಾಲಕ್ಕೆ ಪರ ಊರಿನವರು ದೋಣಿಯಲ್ಲಿ ಬರುತ್ತಿದ್ದರು; ಹೊಳೆಯಿಂದ ಹತ್ತಿ ಅಗಸಿ ದಾಟಿದರೆ ಮೊದಲು ಹಣಮಪ್ಪ, ಆಮೇಲೆ ಬಸವಣ್ಣ. ಹೊಸ ಊರಿನ ಅಗಸಿ ಹೆದ್ದಾರಿಯ ಕಡೆಗಿದೆ. ಅಲ್ಲಿಯೂ ಹಿರಿಯರು ಪದ್ಧತಿ ಬಿಡದೆ, ಅಗಸಿ ದಾಟಿದ ಕೂಡಲೆ ಹಣಮಪ್ಪನನ್ನೇ ಸ್ಥಾಪಿಸಿದರು. ಸುನಂದಾ ಹಳೇ ಊರಿನಲ್ಲಿ ಬಾಳಿದ್ದು ಹತ್ತು ವರ್ಷ, ಹೊಸದಕ್ಕೆ ಬಂದು ಹೋಗಿ ಮಾಡಿದ್ದು ಅದರ ಎರಡರಷ್ಟಕ್ಕೂ ಹೆಚ್ಚು. ನೆನಪು ತಾನಾಗಿಯೇ ಹೊಸ ಊರಿನ ಹೆಜ್ಜೆ ಹಿಡಿದಿತ್ತು. ದಂಡೆಯ ಕಡೆಯಿಂದ ಮೊದಲು ಸಿಗುವುದು ಹಣಮಪ್ಪ ಅಲ್ಲ, ಬಸವಣ್ಣ. ಹಾಳೆಯಲ್ಲಿಯೂ ಅದು ಹಾಗೆಯೇ ಇತ್ತು, ಅವಳು ನೋಡಿರಲಿಲ್ಲ. ಅವಳ ಹಾಳೆ ಒಂದು ಓಣಿಯಷ್ಟು ದಂಡೆಯ ಕಡೆ ಜರುಗಿ ಕುಳಿತಿತ್ತು. ಕೆಂಪು ಗೀಟಿನೊಳಗೆ ಇದ್ದದ್ದು ಬರಿಯ ಹಿತ್ತಲುಗಳು. ರುದ್ರಭೂಮಿ ಅವಳ ಕಾಲ ಮುಂದಿನ ಗುಂಡಿಯಲ್ಲಿತ್ತು.

"ಕಾಕಾ, ಇದ ನಮ್ಮದು" ಎಂದಳು. "ನಾ ತಪ್ಪ ಹಾಕೇನಿ."

ಗುರಣ್ಣ ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ, ಗುಂಡಿಗೆ ಇಳಿದು, ಆ ಲಿಂಗವನ್ನು ಅದರಲ್ಲಿ ಎತ್ತಿಕೊಂಡ. ಅವನ ತಾಯಿತಂದೆಯೂ ಅಲ್ಲಿಯೇ ಇದ್ದರು.

ಸುನಂದಾ ಅಲ್ಲಿಂದ ನೇರ ಕಚೇರಿಗೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಹೋಗಿ ಕುಳಿತಿತ್ತು. ಅನೀಲಕುಮಾರ ಸಾಹೇಬರು ಕೆಟ್ಟವರಲ್ಲ, ಹೆದರಿದವರು. ಹೆದರಿದವರ ಬಾಯಲ್ಲಿ ಕೆಟ್ಟ ಮಾತು ಬರುವುದು ಉಂಟು.

"ನೀವು ಆ ಹಾಳಿ ಈಗ ಸರಸಾಕ ಹೋಗಬ್ಯಾಡ್ರಿ. ಹಂಗ ಇರಲಿ. ಅವರು ಕಂಡಲ್ಲೆಲ್ಲ ತೋಡ್ಯಾರ ಅಂತ ಬರದ ಬಿಡೂಣು."

"ಅವರು ನನ್ನ ನಕಾಶಿ ನೋಡಿ ತೋಡ್ಯಾರ್ರಿ, ಸಾಹೇಬ್ರ."

"ಅದು ನನಗೂ ಗೊತ್ತೈತ್ರಿ. ಆದ್ರ ಸರಿಸಿದ್ರ ಯಾರು ಸರಿಸಿದ್ರು, ಯಾವಾಗ ಸರಿಸಿದ್ರು ಎಲ್ಲಾ ಅದರಾಗ ಉಳೀತೈತಿ. ನಿಮ್ಮದು ಗುತ್ತಿಗಿ ನೌಕರಿ. ವಿಚಾರ ಮಾಡ್ರಿ."

"ಹಂಗ ಬಿಟ್ರ ಗುರಣ್ಣ ಕಾಕಾನ ಮ್ಯಾಲ ಕೇಸು ಬರತೈತಿ. ಅವರಪ್ಪನ ಎಲುಬು ಅವನ ತೋಡಿದಾ ಅಂತ."

ಸಾಹೇಬರು ಕಿಟಕಿಯ ಕಡೆ ನೋಡಿದರು. ಸುನಂದಾ ತನ್ನ ಕುರ್ಚಿಗೆ ಹೋಗಿ ಕುಳಿತು ಜಾಲಿದಿನ್ನಿಯ ಹಾಳೆ ತೆರೆದಳು. ಹಣಮಪ್ಪ ಎಂದು ಬರೆದಿದ್ದಲ್ಲಿ ಬಸವಣ್ಣ ಎಂದು ಬರೆದಳು. ಹಾಳೆಯನ್ನು ಹಿಡಿದು ಹೊಳೆಯ ಕಡೆ ಎಳೆದಳು. ಮನೆ, ಓಣಿ, ಬಾವಿ, ಹಿತ್ತಲು ಎಲ್ಲವೂ ಒಟ್ಟಿಗೆ ಸರಿದವು. ಕೆಂಪು ಗೀಟು ಹೋಗಿ ಹೂಳೆತ್ತಿದ ಗುಂಡಿಗಳ ಮೇಲೆ ಕುಳಿತಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ತಿದ್ದಿದ ಕಾರಣ ಬರೆಯಲು ಒಂದು ಖಾಲಿ ಜಾಗವಿತ್ತು. ಊರಿನವರನ್ನು ಕೇಳದೆ ಗುರುತು ಹಾಕಿದ್ದು ನನ್ನ ತಪ್ಪು ಎಂದು ಅಲ್ಲಿ ಬರೆದಳು. ಸಂಜೆಯ ಹೊತ್ತಿಗೆ ಅದು ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು.

ಎಲ್ಲಕ್ಕಿಂತ ಕಷ್ಟದ್ದು ಮನೆಯಲ್ಲಿ ಕಾದಿತ್ತು. ಹೊನ್ನವ್ವ ಬಾಗಿಲಲ್ಲೇ ಇದ್ದಳು, ಮೆಹರುನ್ನಿಸಾ ಮಗ್ಗುಲಲ್ಲಿದ್ದಳು. ಎಲುಬು ಸಿಕ್ಕ ಸುದ್ದಿ ಬಂದಿತ್ತು, ಯಾರವೆಂಬುದು ಬಂದಿರಲಿಲ್ಲ. ಸುನಂದಾ ಚಪ್ಪಲಿ ಬಿಟ್ಟು ಅವ್ವನ ಕಾಲ ಬುಡದಲ್ಲಿ ಕುಳಿತು, ಒಂದನ್ನೂ ಬಿಡದೆ ಹೇಳಿದಳು. ಕಟ್ಟೆ ತಪ್ಪಿದ್ದು, ಯಾರನ್ನೂ ಕೇಳದೆ ಇದ್ದದ್ದು, ಜೆಸಿಬಿ, ಲಿಂಗ, ಎಲ್ಲ.

"ನಿಮ್ಮಪ್ಪನ ಸಮಾಧಿನೂ?"

"ಗೊತ್ತಾಗವಲ್ದ ಯವ್ವಾ. ಎಲ್ಲಾ ಕೂಡಿ ಹ್ವಾದವು. ಯಾರದು ಯಾವುದು ಅಂತ ಹೇಳಾಕ ಬರಂಗಿಲ್ಲ."

ಹೊನ್ನವ್ವ ಮಗಳ ಫೋನಿನ ಕಡೆ ನೋಡಿದಳು. ಆಮೇಲೆ ಕೇಳಿದಳು: "ಹಂಗಾರ ನಾ ಒಂದ ವರ್ಷ ಫೋನಿನಾಗ ಕೈ ಮುಗದದ್ದು ಎಲ್ಲಿಗಿ?"

"ಈ ಚಾಚಿಯವರ ಹಿತ್ತಲಕ್ಕ."

ಮೆಹರುನ್ನಿಸಾ ಸೆರಗು ಬಾಯಿಗೆ ಹಿಡಿದುಕೊಂಡಳು. ಹೊನ್ನವ್ವನ ಮುಖದಲ್ಲಿ ನಗುವೂ ಬರಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ. ಸುನಂದಾ ಬೈಗುಳಕ್ಕೆ ಕಾದಳು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು, ಹೊನ್ನವ್ವ ಅಷ್ಟು ಸಲೀಸಾಗಿ ಬಿಡುವ ಹೆಂಗಸಲ್ಲ.

"ನನಗ ಹೇಳಿದಿ. ಉಳಿದವರಿಗಿ ಯಾರು ಹೇಳತಾರ? ಅಲ್ಲಿ ಇದ್ದವರು ನಿಮ್ಮಪ್ಪ ಒಬ್ಬನ ಅಲ್ಲ. ಏಳು. ಮನಿ ಮನಿಗಿ ಹೋಗು. ಗುರುವಾರ ಸೋಮವಾರ ಅನಬ್ಯಾಡ, ಇವತ್ತ ಹೋಗು."

"ನೀನೂ ಬಾ ಯವ್ವಾ."

"ಗುರುತು ಹಾಕುವಾಗ ನನ್ನ ಕರದಿದ್ಯಾ?"

ಸುನಂದಾ ಎದ್ದಳು. ಆ ಸಂಜೆ, ಮರುದಿನ, ಅದರ ಮರುದಿನವೂ ಒಂದೊಂದು ಮನೆಯ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದಳು. ಕೆಲವರು ಒಳಗೆ ಕರೆದು ನೀರು ಕೊಟ್ಟರು. ಒಬ್ಬ ಮುದುಕಿ ಮುಖಕ್ಕೆ ಬಾಗಿಲು ಹಾಕಿಕೊಂಡಳು, ಆಮೇಲೆ ಬಾಗಿಲ ಹಿಂದಿನಿಂದ ಅಳುವುದು ಕೇಳಿಸಿತು. ಸುದ್ದಿ ತಿಳಿದು ಇಂಡಿಯಿಂದ ಬಂದ ಸಂಗಮೇಶ ಏನೂ ಕೇಳದೆ ಹೆಂಡತಿಯ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದ. ಎಲ್ಲದಕ್ಕೂ ಚೇಷ್ಟೆ ಮಾಡುವವನು ಆ ಮೂರು ದಿನ ಒಂದು ಹಾಸ್ಯದ ಮಾತೂ ಆಡಲಿಲ್ಲ.

ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿದರು. ಮಳೆ ಬಂದರೆ ಗುಂಡಿಗಳಿಗೆ ನೀರು ಏರುತ್ತದೆ, ಅದಕ್ಕಿಂತ ಮೊದಲು ಸಿಕ್ಕದ್ದನ್ನೆಲ್ಲ ಎತ್ತಿ ಹೊಸ ಊರಿನ ರುದ್ರಭೂಮಿಗೆ ತರಬೇಕೆಂದು ನಿಶ್ಚಯವಾಯಿತು. ಯಂತ್ರ ಮುಟ್ಟಿಸಲಿಲ್ಲ. ಗಂಡಸರು ಕೈಯಿಂದ ಮಣ್ಣು ಬಿಡಿಸಿದರು, ಹೊಸ ಬಿಳಿಯ ಬಟ್ಟೆಗಳಲ್ಲಿ ಕಟ್ಟಿದರು. ಬೇರೆ ಬೇರೆ ಮಾಡಲು ಬರುವಂತಿರಲಿಲ್ಲ. ಯಾರ ಅಂಗೈಯ ಲಿಂಗ ಯಾರದೆಂದು ಹೇಳುವವರು ಇರಲಿಲ್ಲ. ಒಂದೇ ದೊಡ್ಡ ಸಮಾಧಿ ತೆಗೆದರು. ಮಠದ ಅಯ್ಯನವರು ಬಂದು, ಯಾರ ಹೆಸರಿನಲ್ಲಿ ಮಂತ್ರ ಹೇಳಲಿ ಎಂದು ಕೇಳಿದಾಗ ಗುರಣ್ಣ ಒಂದೊಂದು ಮನೆತನದಿಂದ ಒಬ್ಬೊಬ್ಬರನ್ನು ಮುಂದೆ ಕರೆದ. ಅವರು ತಮ್ಮ ತಮ್ಮ ಹಿರಿಯರ ಹೆಸರು ಹೇಳುತ್ತ ಹಿಡಿಮಣ್ಣು ಹಾಕಿದರು. ಶ್ರೀಶೈಲಪ್ಪನ ಸರದಿ ಬಂದಾಗ ಸುನಂದಾ ಅವ್ವನ ಕಡೆ ತಿರುಗಿದಳು. ಹೊನ್ನವ್ವ ಹೇಳಿದಳು. ಮದುವೆಯಾದಂದಿನಿಂದ ‘ಅವರು’ ಎಂದೇ ಕರೆದ ಗಂಡನ ಹೆಸರು ಅವಳ ಬಾಯಲ್ಲಿ ಊರವರೆಲ್ಲ ಅಂದೇ ಮೊದಲ ಸಲ ಕೇಳಿದರು.

ಮಣ್ಣು ಮುಚ್ಚಿ ಜನ ಹೊರಟರು. ಸುನಂದಾಳಿಗೆ ಕಚೇರಿಯಿಂದ ನೋಟಿಸು ಬಂದದ್ದು, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡವೆಂದು ಹೇಳಿದ್ದು ಎಲ್ಲರಿಗೂ ತಿಳಿದಿತ್ತು. ಗುರಣ್ಣ ಅವಳ ಹತ್ತಿರ ನಿಂತು, ತಲೆಯ ಮೇಲೆ ಕೈಯಿಟ್ಟು ಹೋದ. ಹೊನ್ನವ್ವನನ್ನು ಕರೆತಂದ ಟಂಟಂ ರಸ್ತೆಯಲ್ಲಿ ನಿಂತಿತ್ತು, ಸಂಗಮೇಶ ಅದರ ಹತ್ತಿರ ಕಾಯುತ್ತಿದ್ದ.

"ನಡಿ ಯವ್ವಾ, ಬಿಸಲಾತು" ಎಂದಳು ಸುನಂದಾ.

"ನಿನ್ನ ನಕಾಶಿ ತೆಗಿ."

"ಬ್ಯಾಡ ಯವ್ವಾ. ನನ್ನ ಕಡೆ ಆಗಂಗಿಲ್ಲ."

"ತೆಗಿ ಅಂದೆ."

ಸುನಂದಾ ಫೋನು ತೆಗೆದಳು. ಕಚೇರಿಯ ಬಾಗಿಲು ಮುಚ್ಚಿದ್ದರೂ ತನ್ನ ಸ್ವಂತದ ಗುರುತು ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೊನ್ನವ್ವ ಮಗಳ ಹೆಗಲು ಬಿಟ್ಟಳು. ಹೊಸ ಮಣ್ಣಿನ ಸುತ್ತ, ಊರುಗೋಲು ಊರುತ್ತ, ಮೊಣಕಾಲು ಎಳೆಯುತ್ತ ಒಂದು ಸುತ್ತು ಬಂದಳು. ಸಮಾಧಿಯ ಮಗ್ಗುಲಲ್ಲಿ ಇನ್ನೂ ಯಾರೂ ಅಗೆಯದ ನೆಲದ ಮೇಲೆ ಹೋಗಿ ನಿಂತು, ಎರಡೂ ಪಾದ ಜೋಡಿಸಿದಳು.

"ಇಲ್ಲಿ ನಿಂತೇನಿ ನೋಡು. ಇಲ್ಲಿ ಹಾಕು ಗುರುತು."

"ಅದು ಖಾಲಿ ಜಾಗ ಯವ್ವಾ. ಅಪ್ಪ ಇತ್ತಾಗ..."

"ನಿಮ್ಮಪ್ಪ ಎಲ್ಲಿದಾನ ಅಂತ ನನಗ ಕಾಣಸತೈತಿ. ಇದು ನಂದು, ಅವರ ಮಗ್ಗಲಕ್ಕ." ಹೊನ್ನವ್ವ ಕೋಲನ್ನು ನೆಲಕ್ಕೆ ಒತ್ತಿದಳು. "ಈ ಸಲ ಕೇಳಿ ಹಾಕಾಕತ್ತೀದಿ. ತಪ್ಪಂಗಿಲ್ಲ."

ಪರದೆಯ ಮೇಲೆ ಫೋನು ಇರುವ ಜಾಗ ತೋರಿಸುವ ನೀಲಿ ಚುಕ್ಕೆ ಅತ್ತಿತ್ತ ಸರಿಯುತ್ತಿತ್ತು. ಸುನಂದಾ ಅವ್ವನ ಎದುರು ಮಣ್ಣಿನಲ್ಲಿ ಮೊಣಕಾಲೂರಿ ಕುಳಿತು, ಫೋನನ್ನು ಅವಳ ಪಾದಗಳ ಹತ್ತಿರ ಹಿಡಿದು, ಚುಕ್ಕೆ ನಿಲ್ಲುವವರೆಗೆ ಕಾದು, ಒತ್ತಿದಳು.